ಉಮಾಕಾಂತನ ಹಣ್ಣಿನ ಮಶೀನು

ಈ ಕತೆ ಹೇಳುವುದಕ್ಕೆ ಮೊದಲೇ ಓದುಗರಲ್ಲಿ ಕ್ಷಮೆ ಕೇಳಿಬಿಡುತ್ತೇನೆ. ಜೂಜೂ ದೇವರೂ ಒಟ್ಟಿಗೆ ಬರುವ ಕತೆ ಹೇಳಲು ಗಟ್ಟಿ ಧೈರ್ಯ ಬೇಕು. ನನ್ನದು ಸಾಧಾರಣ ಧೈರ್ಯ. ಎಲ್ಲಾದರೂ ತಪ್ಪಿದರೆ ಆ ತಪ್ಪು ನನ್ನದು, ಉಮಾಕಾಂತನದಲ್ಲ. ಅವನು ಪಾಪ, ಆ ದಿನ ಬೆಳಗಿನಿಂದ ಸಂಜೆಯ ತನಕ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಆದದ್ದೆಲ್ಲ ಅದರಿಂದಲೇ ಆಯಿತು.

ಶುರುವಾದದ್ದು ಒಂದು ಕಸಬರಿಗೆಯಿಂದ. ಶ್ರಾವಣ ಸೋಮವಾರ, ಟೈಪಿಂಗ್ ಕ್ಲಾಸಿಗೆ ರಜೆ. ಗಡಿಯಾಚೆಯ ಮರಾಠಿ ಊರು ಉಮರ್ಗಾದ ಒಂದು ಓಣಿಯಲ್ಲಿ, ಕಾಳಿನ ವ್ಯಾಪಾರಿ ವಿಶ್ವನಾಥಪ್ಪನವರ ಮನೆಯ ಹಿಂಬದಿಯ ಬಾಡಿಗೆ ಕೋಣೆಯಲ್ಲಿ, ಟೈಪಿಂಗ್ ಮಾಸ್ತರ ಉಮಾಕಾಂತ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದ. ಹೆಂಡತಿ ಭುವನೇಶ್ವರಿ ಮೇಜಿನ ಕೆಳಗೆ ಕಸ ಹೊಡೆಯುತ್ತಿದ್ದಳು. ಕಸಬರಿಗೆ ವೈರಿಗೆ ಸಿಕ್ಕಿತು, ಹೆಡ್‌ಫೋನಿನ ಪಿನ್ನು ಕಳಚಿತು, ಅಷ್ಟು ಹೊತ್ತು ಉಮಾಕಾಂತನ ಕಿವಿಯೊಳಗಷ್ಟೇ ಇದ್ದ ಸದ್ದು ಸ್ಪೀಕರಿನಿಂದ ಓಣಿಗೆ ಹಾರಿತು.

ದಡದಡದಡದಡ!

ತಗಡಿನ ಛಾವಣಿ ಆ ಸದ್ದನ್ನು ಹಿಡಿದು ನಾಲ್ಕು ಪಟ್ಟು ಮಾಡಿ ಹಂಚಿತು.

ಸುತ್ತಲಿನ ಹಳ್ಳಿಗಳನ್ನು ನೆಲಸಮ ಮಾಡಿದ ಭೂಕಂಪವಾಗಿ ಹದಿನೈದು ವರ್ಷ ಕಳೆದಿತ್ತು ನಿಜ. ಆದರೆ ಉಮರ್ಗಾದವರ ಕಾಲುಗಳಿಗೆ ಅದು ನಿನ್ನೆಯದು. ತಲೆ ಯೋಚಿಸುವ ಮೊದಲೇ ಕಾಲು ಅಂಗಳದಲ್ಲಿರುತ್ತದೆ. ಎದುರುಮನೆಯ ಕುಸುಮಬಾಯಿ ಅರ್ಧ ಬೆಂದ ಜೋಳದ ಭಕ್ಕರಿ ಹಿಡಿದೇ ಹೊರಬಂದಳು. ಪಕ್ಕದ ಮನೆಯ ದತ್ತಾತ್ರಿ, ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಒಂದೇ ಕೆನ್ನೆ ಬೋಳಿಸಿಕೊಂಡು ಬಂದ; ಇನ್ನೊಂದು ಕೆನ್ನೆ ಸಾಬೂನಿನ ನೊರೆಯಲ್ಲಿ ಮಾವಿನಕಾಯಿಗೆ ಸುಣ್ಣ ಬಳಿದಂತಿತ್ತು. ವಿಶ್ವನಾಥಪ್ಪನವರು ಪೂಜೆಯಿಂದ ಎದ್ದು, ಹಣೆಯ ವಿಭೂತಿ ಒಣಗುವ ಮೊದಲೇ ಅಂಗಳಕ್ಕೆ ಬಂದು, ಗೋಡೆಗೆ ಕೈಯಿಟ್ಟು ನೋಡಿದರು. ಗೋಡೆ ಅಲುಗಿರಲಿಲ್ಲ.

"ದೇವ್ರು ದೊಡ್ಡಾಂವ," ಎಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಯಾರೂ ಕಡಿಮೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಕುಸುಮಬಾಯಿ ಕಣ್ಣೊರೆಸಿಕೊಂಡಳು. ಜೀವ ಉಳಿದ ಸಂತೋಷ ತೀರಿದ ಮೇಲೆ ಸಿಟ್ಟು ಬಂತು.

"ಏನ್ ಮಾಸ್ತರ, ಏನದು ಸಪ್ಪಳ?" ಎಂದ ದತ್ತಾತ್ರಿ.

ಉಮಾಕಾಂತ ಕಳಚಿದ ಹೆಡ್‌ಫೋನನ್ನು ಕೊರಳಲ್ಲೇ ನೇತುಹಾಕಿಕೊಂಡು ಹೊಸ್ತಿಲಿಗೆ ಬಂದ. ನಡೆದದ್ದು ಇಷ್ಟು. ಹಿಂದೊಂದು ಕಾಲಕ್ಕೆ ಇಂಗ್ಲೆಂಡಿನ ಸಮುದ್ರದಂಡೆಯ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಮಶೀನುಗಳಿದ್ದವು. ಮೂರು ಗಾಲಿಗಳು ಗರಗರ ತಿರುಗಿ ನಿಲ್ಲುತ್ತಿದ್ದವು. ಗಾಲಿಗಳ ಮೇಲೆ ಲಿಂಬೆ, ದ್ರಾಕ್ಷಿ, ಕಲ್ಲಂಗಡಿ, ಗಂಟೆ ಮುಂತಾದ ಚಿತ್ರ. ಮೂರರಲ್ಲೂ ಒಂದೇ ಚಿತ್ರ ಸಾಲಾಗಿ ನಿಂತರೆ ಕೆಳಗಿನ ತಟ್ಟೆಗೆ ನಾಣ್ಯ ಸುರಿಯುತ್ತಿತ್ತು. ಅವುಗಳನ್ನು ಹಣ್ಣಿನ ಮಶೀನು ಎನ್ನುತ್ತಿದ್ದರು. ಕಾಲ ಬದಲಾಗಿ ಮಶೀನುಗಳು ಗುಜರಿಗೆ ಹೋದವು. ಆಗ ಒಂದಿಷ್ಟು ಹುಚ್ಚರು ಕೂಡಿ, ಅವುಗಳ ಮಿದುಳಾದ ಎಲೆಕ್ಟ್ರಾನಿಕ್ ಚಿಪ್ಪನ್ನಷ್ಟೇ ಉಳಿಸಿಕೊಂಡು, ಕಂಪ್ಯೂಟರಿನೊಳಗೆ ಅದೇ ದೀಪ, ಅದೇ ಗಾಲಿ, ಅದೇ ಸದ್ದಿನೊಂದಿಗೆ ಅವಕ್ಕೆ ಮರುಹುಟ್ಟು ಕೊಡತೊಡಗಿದರು. ಬೇರೆಬೇರೆ ದೇಶದವರು ಇಂಟರ್ನೆಟ್ಟಿನಲ್ಲಿ ಸೇರುವ ಆ ಕೂಟಕ್ಕೆ ಉಮರ್ಗಾದ ಏಕೈಕ ಸದಸ್ಯ ಉಮಾಕಾಂತ. ಅಂಥ ಮಶೀನನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಆದರೆ ಒಂದು ಮಶೀನಿನ ದೀಪದ ಬಣ್ಣ ಸರಿಪಡಿಸಿ ಕಳಿಸಿದರೆ ಸಾಕು, ಸಮುದ್ರದಾಚೆಯಿಂದ ಅವನಿಗೆ ಥ್ಯಾಂಕ್ಸ್ ಬರುತ್ತಿತ್ತು. ಟೈಪಿಂಗ್ ಕ್ಲಾಸಿನಲ್ಲಿ ಇಷ್ಟು ವರ್ಷ ಬೆರಳು ತಿದ್ದಿದರೂ ಯಾರೊಬ್ಬರೂ ಅವನಿಗೆ ಥ್ಯಾಂಕ್ಸ್ ಹೇಳಿರಲಿಲ್ಲ. ಕೃತಜ್ಞತೆಗೆ ಹಸಿದ ಮನುಷ್ಯ ಎಲ್ಲಿ ಬೇಕಾದರೂ ಸದಸ್ಯನಾಗುತ್ತಾನೆ. ಅವನು ಆಡುತ್ತಿದ್ದುದು ಪರದೆಯ ಮೇಲಿನ ಸುಳ್ಳು ನಾಣ್ಯದಲ್ಲಿ. ದಿನವಿಡೀ ಸೋತರೂ ಬೆಳಗಿನಷ್ಟೇ ಬಡವನಾಗಿ ಮಲಗಬಹುದಿತ್ತು. ಆ ಬೆಳಿಗ್ಗೆ ಕೂಟದವರು ನಿಜವಾದ ತಟ್ಟೆಗೆ ನಿಜವಾದ ನಾಣ್ಯ ಬೀಳುವ ಸದ್ದನ್ನು ಕಳಿಸಿಕೊಟ್ಟಿದ್ದರು. ಓಣಿಗೆ ಹಾರಿದ್ದು ಅದೇ.

ಇದನ್ನೆಲ್ಲ ವಿಶ್ವನಾಥಪ್ಪನವರ ಎದುರು ಹೇಗೆ ಹೇಳುವುದು? ಹಿಂದಿನ ಬಾಡಿಗೆದಾರ ನಾಗರಪಂಚಮಿಗೆ ಇಸ್ಪೀಟು ಆಡಿದನೆಂದು ಅವನ ಟ್ರಂಕನ್ನು ತಾವೇ ಹೊತ್ತು ರಸ್ತೆಗಿಟ್ಟ ಮನುಷ್ಯ ಅವರು. ಹಾಗೆಂದು ಕಟುಕರಲ್ಲ. ಬಸವಕಲ್ಯಾಣದ ಕಡೆಯಿಂದ ಬಂದು ಗುರುತಿಲ್ಲದ ಊರಲ್ಲಿ ನಿಂತಿದ್ದ ಉಮಾಕಾಂತನಿಗೆ, ಕನ್ನಡ ಮಾತು ಕೇಳಿದ್ದಷ್ಟಕ್ಕೇ ಕೋಣೆ ಕೊಟ್ಟಿದ್ದರು. ಒಳಗೇ ನೀರಿನ ನಳವಿರುವ ಕೋಣೆ. ಮೂರು ಮನೆ ಬದಲಿಸಿ ಬಿಂದಿಗೆ ಹೊತ್ತು ಸೊಂಟ ಸವೆಸಿದ್ದ ಭುವನೇಶ್ವರಿ ಆ ನಳಕ್ಕೆ ಹಬ್ಬದ ದಿನ ಕುಂಕುಮ ಹಚ್ಚುತ್ತಿದ್ದಳು. "ಈ ಮನಿ ಹೋತಂದ್ರ ನಾ ತವರಿಗೆ ಹೋಗ್ತೀನಿ, ನೀವು ನಿಮ್ಮ ಹಣ್ಣಿನ ಜೋಡಿ ಸಂಸಾರ ಮಾಡ್ರಿ," ಎಂದು ಅವಳು ಮೊದಲೇ ಹೇಳಿದ್ದಳು.

"ಮಶೀನಿನ ಸಪ್ಪಳ ರೀ," ಎಂದ ಉಮಾಕಾಂತ. "ಹಣ್ಣಿನ ಮಶೀನು."

"ಅಗಬಾಯಿ! ಹಣ್ಣಿನ ಮಶೀನು?" ಕುಸುಮಬಾಯಿಯ ಭಕ್ಕರಿ ಕೈಯಲ್ಲೇ ಆರಿತು. "ಯಾವ್ಯಾವ ಹಣ್ಣು ಬರ್ತಾವ ಅದರಾಗ?"

"ಲಿಂಬಿ, ದ್ರಾಕ್ಷಿ, ಕಲ್ಲಂಗಡಿ..."

"ಶ್ರಾವಣದಾಗ ಕಲ್ಲಂಗಡಿ? ಹೆಂಗ ಬರ್ತದ?"

"ಗುಂಡಿ ಒತ್ತಿದ್ರ ಬರ್ತದ ರೀ."

ಸುಳ್ಳು ಒಂದಕ್ಷರವಿಲ್ಲ. ವಿಶ್ವನಾಥಪ್ಪನವರು ಮೀಸೆಯೊಳಗೇ "ಹ್ಞೂಂ" ಎಂದು ಪೂಜೆಗೆ ಮರಳಿದರು. ದತ್ತಾತ್ರಿ ಮಾತ್ರ ಇನ್ನೊಂದು ಕೆನ್ನೆಯನ್ನು ಮರೆತು ನೇರವಾಗಿ ಬಸ್ ಸ್ಟ್ಯಾಂಡಿಗೆ ನಡೆದ. ಕಂಡಕ್ಟರಿಕೆ ಹೋದರೂ ಸುದ್ದಿಗೆ ಟಿಕೀಟು ಹರಿಯುವ ಚಟ ಹೋಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹೈದರಾಬಾದ್ ರಸ್ತೆ ಹಿಡಿದು ಎರಡೂ ದಿಕ್ಕಿಗೆ ಓಡಿತ್ತು. ಕುಸುಮಬಾಯಿ ಒಂದು ಬುಟ್ಟಿ ಹಸಿರು ಪಪ್ಪಾಯಿ ತಂದು ಬಾಗಿಲಲ್ಲಿಟ್ಟಳು. "ಹಣ್ಣ ಮಾಡಿ ಕೊಡ್ರಿ ಮಾಸ್ತರ. ಒಂದು ನೀವ ಇಟ್ಕೊಳ್ರಿ."

"ಇದು ಹಣ್ಣ ಮಾಡಂಗಿಲ್ಲ ರೀ ಬಾಯಿ. ಬರೇ ತೋರಿಸ್ತದ."

"ತೋರಿಸ್ಲಿ, ಅದನ್ನ ನೋಡಿ ಇವೂ ಕಲೀತಾವ."

ಪಕ್ಕದ ಊರು ಮುರುಮದಿಂದ ಫೋನು ಬಂತು. ಟೈಪಿಂಗ್ ಕಲಿತು ಹೋದ ಹಳೆಯ ಶಿಷ್ಯೆಯ ಅಪ್ಪ. "ಕಬ್ಬು ನಡೀತದೇನ್ರೀ ನಿಮ್ಮ ಮಶೀನಿನಾಗ?" ಲೋಹಾರಾದ ರೈತ ಕಾಶೆಪ್ಪ ಒಂದು ಚೀಲ ಲಿಂಬೆಹಣ್ಣು ಆಟೋದಲ್ಲಿ ಹೇರಿಕೊಂಡೇ ಬಂದು ಕಟ್ಟೆಯ ಮೇಲೆ ಕುಳಿತ.

"ಇದರ ಬೀಜ ತೆಗೀತದೇನ್ರೀ ಸಾಹೇಬ್ರ?"

"ಇಲ್ರೀ."

"ಹಂಗಾದ್ರ ಏನ್ ಮಾಡ್ತದ?"

"ಮೂರು ಲಿಂಬಿ ಸಾಲಾಗಿ ನಿಂದರಿಸ್ತದ."

ಕಾಶೆಪ್ಪ ಚೀಲದಿಂದ ಮೂರು ಲಿಂಬೆ ತೆಗೆದು ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ. "ಇದಕ್ಕ ಮಶೀನು ಯಾಕ ಬೇಕು?" ಎಂದ. ಉಮಾಕಾಂತ ಮೂರನೆಯ ಲಿಂಬೆಯನ್ನು ತುಸು ಸರಿಸಿ ಸಾಲು ನೇರ ಮಾಡಿದ. ಈ ಪ್ರಶ್ನೆಗೆ ಕೂಟದವರಲ್ಲಾದರೂ ಉತ್ತರವಿತ್ತೋ ಇಲ್ಲವೋ. ಭುವನೇಶ್ವರಿ ಬಂದವರಿಗೆಲ್ಲ ಚಹಾ ಕಾಯಿಸಿ ಕಾಯಿಸಿ, ಕೊನೆಗೆ ಕಾಶೆಪ್ಪನ ಲಿಂಬೆಯಲ್ಲೇ ಶರಬತ್ತು ಮಾಡಿ ಕೊಟ್ಟಳು. ಕುಡಿದವರು ಹೊರಗೆ ಹೋಗಿ, ಮಶೀನಿನ ಶರಬತ್ತು ಭಾರೀ ರುಚಿ ಎಂದರು. ಅಲ್ಲಿಗೆ ಇದ್ದ ಸಂಶಯವೂ ಹೋಯಿತು.

ಸಂಜೆಯಾಗುತ್ತಿದ್ದಂತೆ ದತ್ತಾತ್ರಿ ಬಂದ. ಈಗ ಎರಡೂ ಕೆನ್ನೆ ನುಣ್ಣಗಿದ್ದವು. ಅವನ ಅಳಿಯನಿಗೆ ಉಮರ್ಗಾಕ್ಕೆ ವರ್ಗವಾಗಿತ್ತು. ಅಳಿಯನಿಗಾಗಿ ದತ್ತಾತ್ರಿ ಆ ನಳದ ಕೋಣೆಯ ಮೇಲೆ ಕಣ್ಣಿಟ್ಟಿದ್ದುದು ಓಣಿಗೆಲ್ಲ ಗೊತ್ತು. ಒಳಗೆ ಇಣುಕಿ, ಪರದೆಯ ಮೇಲಿನ ಗಾಲಿಗಳನ್ನು ನೋಡಿದ, ಕಣ್ಣು ಕಿರಿದು ಮಾಡಿದ.

"ಮಾಸ್ತರ, ಖರೇ ಹೇಳ್ರಿ. ಇದು ಜುಗಾರ ಅಲ್ಲೇನು?"

ಇನ್ಯಾರಾದರೂ ಆಗಿದ್ದರೆ ಅಲ್ಲ ಎನ್ನುತ್ತಿದ್ದರು. ಉಮಾಕಾಂತ ಇತಿಹಾಸದಿಂದ ಶುರು ಮಾಡಿದ. "ಹಿಂದಕ್ಕ ಇತ್ತು ರೀ," ಎಂದ. "ಈಗ ರೊಕ್ಕ ಇಲ್ಲ, ಬರೇ..."

ಬರೇ ಏನು ಎಂದು ಕೇಳಲು ದತ್ತಾತ್ರಿ ಅಲ್ಲಿರಲಿಲ್ಲ. ಸಾವಕಾರ ವಿಶ್ವನಾಥಪ್ಪನವರ ಪಡಸಾಲೆಯಲ್ಲಿ ಅವನ ದನಿ ಆಗಲೇ ಏರಿತ್ತು.

ವಿಶ್ವನಾಥಪ್ಪನವರು ಬಂದರು. ಹಿಂದೆ ದತ್ತಾತ್ರಿ, ಅವನ ಹಿಂದೆ ಪಪ್ಪಾಯಿಯ ವಿಚಾರಣೆಗೆಂದು ಕುಸುಮಬಾಯಿ, ಅವಳ ಹಿಂದೆ ಲಿಂಬೆ ಚೀಲದ ಕಾಶೆಪ್ಪ. ಕೋಣೆ ತುಂಬಿದ ಸಿಟಿ ಬಸ್ಸಾಯಿತು. ಭುವನೇಶ್ವರಿ ನಳದ ಪಕ್ಕ ಹೋಗಿ, ಕೊನೆಯ ಸಲವೆಂಬಂತೆ ಅದರ ಮೇಲೆ ಕೈಯಿಟ್ಟು ನಿಂತಳು.

"ನಡೆಸು," ಎಂದರು ವಿಶ್ವನಾಥಪ್ಪ. "ಕೇಳಿದ್ ಮಾತಿಗೆ ನಾ ಯಾರ್ನೂ ಹೊರಗ ಹಾಕಂಗಿಲ್ಲ. ಕಣ್ಣಿಲೆ ನೋಡ್ತೀನಿ."

ಆಡಲು ಉಮಾಕಾಂತ ಒಂದು ಮಣೆ ಮಾಡಿಕೊಂಡಿದ್ದ. ಮರದ ಹಲಗೆಗೆ ಕರೆಗಂಟೆಯ ಗುಂಡಿಗಳನ್ನು ಸಾಲಾಗಿ ಬಡಿದದ್ದು. ಗುಂಡಿಗಳ ಮೇಲೆ ಹೆಸರಿರಲಿಲ್ಲ.

"ಅಯ್ಯ, ನನ್ನ ಚಪಾತಿ ಮಣಿ!" ಎಂದಳು ಭುವನೇಶ್ವರಿ. "ಯುಗಾದಿಯಿಂದ ಹುಡುಕ್ಲತ್ತೀನಿ!"

ಉಮಾಕಾಂತ ಒಂದು ಗುಂಡಿ ಒತ್ತಿದ. ಗಾಲಿಗಳು ಗರಗರ ತಿರುಗಿದವು. ಮೊದಲನೆಯದು ನಿಂತಿತು, ಗಂಟೆ. ಎರಡನೆಯದೂ ಗಂಟೆ. ಮೂರನೆಯದು ಲಿಂಬೆಯ ಮೇಲೆ ನಿಂತಿತು. ಅದರ ಮೇಲಂಚಿನಲ್ಲಿ ಗಂಟೆ ಅರ್ಧ ಇಣುಕುತ್ತಿತ್ತು. ಹಳದಿ ದೀಪವೊಂದು ಮಿಣಮಿಣ ಎನ್ನತೊಡಗಿತು.

"ಏನದು ಬಂದದ್ದು?" ಕುಸುಮಬಾಯಿ ಕೇಳಿದಳು. ಅವಳ ಕಣ್ಣು ಮಂಜು. ಬಂಗಾರ ಬಣ್ಣದ ಎರಡು ಬೊಟ್ಟು ಮಾತ್ರ ಕಂಡಿದ್ದವು.

ಉಮಾಕಾಂತನ ನಾಲಿಗೆಗೆ ಕೂಟದವರು ಬರೆಯುವ ಮಾತೇ ಬಂತು. "ಬೆಲ್ ರೀ. ಎರಡು ಬೆಲ್ ಬಂದಾವ."

"ಬೇಲ್!" ಕುಸುಮಬಾಯಿ ಎರಡೂ ಕೈ ಎದೆಗೆ ತಂದಳು. ಮರಾಠಿಯಲ್ಲಿ ಬೇಲ್ ಎಂದರೆ ಬಿಲ್ವ. ಅವಳು ಅಂದು ಮುಂಜಾನೆಯೇ ಬಜಾರೆಲ್ಲ ಸುತ್ತಿ, ಮಹಾದೇವನಿಗೆ ಏರಿಸಲು ಒಂದೆಸಳು ಬೇಲ್ ಸಿಗದೆ ಬರಿಗೈಯಲ್ಲಿ ಬಂದಿದ್ದಳು. "ಶ್ರಾವಣ ಸೋಮವಾರ ಬೇಲ್ ಬಂದಾವ! ಮೂರನೇದು?"

"ಮೂರನೇದು ಮ್ಯಾಲ ಅದ ರೀ. ಮೂರೂ ಒಂದೇ ಸಾಲಿನಾಗ ಬರಬೇಕು."

"ತ್ರಿದಳ!" ಎಂದ ಕಾಶೆಪ್ಪ, ತಲೆಯ ಟೋಪಿ ತೆಗೆದು.

"ಮೂರೂ ಬಂದ್ರ ಏನಾಗ್ತದ?" ವಿಶ್ವನಾಥಪ್ಪನವರ ದನಿ ಮೆತ್ತಗಾಗಿತ್ತು.

"ಅದಕ್ಕಿಂತ ದೊಡ್ಡದು ಇದರಾಗ ಏನೂ ಇಲ್ಲ ಸಾವಕಾರ್ರೆ," ಎಂದ ಉಮಾಕಾಂತ. ಇದೂ ನಿಜ.

"ಅರೇ, ಅದು ಬೇಲ್ ಅಲ್ಲ, ಗಂಟಿ!" ದತ್ತಾತ್ರಿ ಒದರಿದ.

"ಗಂಟಿ ಮತ್ತ ಎಲ್ಲಿರ್ತದೋ? ಗುಡಿಯಾಗ!" ಎಂದು ಕುಸುಮಬಾಯಿ ಅವನ ಬಾಯಿ ಮುಚ್ಚಿಸಿದಳು.

ವಿಶ್ವನಾಥಪ್ಪನವರು ಮುಂದೆ ಬಾಗಿದರು. ಉಮಾಕಾಂತ ಏನಾದರೂ ಹೇಳುವ ಮೊದಲೇ, ಮಿಣುಕುವ ಹಳದಿ ದೀಪವನ್ನು ಒಮ್ಮೆ ನೋಡಿ, ಚಪಾತಿ ಮಣೆಯ ಮೂರನೆಯ ಗುಂಡಿಯನ್ನು ಬೆರಳ ತುದಿಯಿಂದ, ಮಲಗಿದ ಕೂಸನ್ನು ತಟ್ಟುವಂತೆ ಒತ್ತಿದರು. ಲಿಂಬೆ ಕೆಳಗೆ ಸರಿಯಿತು. ಗಂಟೆ ಇಳಿದು ಸಾಲಿಗೆ ನಿಂತಿತು.

ದಡದಡದಡದಡ!

ಈ ಸಲ ಯಾರೂ ಓಡಲಿಲ್ಲ. ಕುಸುಮಬಾಯಿ "ಹರ ಹರ ಮಹಾದೇವ" ಎಂದಳು. ಕಾಶೆಪ್ಪ ಒಂದು ಲಿಂಬೆಯನ್ನು ಕಂಪ್ಯೂಟರಿನ ಮುಂದೆ ಇಟ್ಟು ಕೈಮುಗಿದ. ದತ್ತಾತ್ರಿ ಸುತ್ತ ನೋಡಿ, ತಾನೊಬ್ಬನೇ ಉಳಿದದ್ದು ಕಂಡು, ಅರ್ಧ ಕೈಮುಗಿದ.

"ಮಾಸ್ತರನ್ನ ಯಾರೂ ಹೊರಗ ಹಾಕಂಗಿಲ್ಲ," ಎಂದರು ವಿಶ್ವನಾಥಪ್ಪ. ಭುವನೇಶ್ವರಿ ನಳವನ್ನು ಅಪ್ಪಿಕೊಳ್ಳುವುದೊಂದೇ ಬಾಕಿ. ಉಮಾಕಾಂತನ ಕಣ್ಣು ತುಂಬಿತು. ಓಣಿಗೆ, ಸಮುದ್ರದಾಚೆಯ ಕೂಟಕ್ಕೆ, ಇಂಗ್ಲೆಂಡಿನಲ್ಲಿ ಗಾಲಿಯ ಮೇಲೆ ಗಂಟೆಯನ್ನು ಬರೆದ ಆ ಯಾರೋ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದ.

"ಆದ್ರ ಒಂದು ಮಾತು," ಸಾವಕಾರರು ಮುಂದುವರಿಸಿದರು. "ಇಂಥ ಜಾಗಾದಾಗ ಗಂಡ ಹೆಂಡ್ತಿ ಮಲಗೂದು, ಉಳ್ಳಾಗಡ್ಡಿ ಹೆಚ್ಚೂದು ಬರೋಬರಿ ಅಲ್ಲ. ಹಿಂದಿನ ಗೋದಾಮು ಖಾಲಿ ಅದ. ಇವತ್ತೇ ಸಾಮಾನ ಅಲ್ಲಿ ಇಡ್ರಿ. ಮಶೀನು ಇಲ್ಲೇ ಇರ್ಲಿ. ಕೀಲಿ ನನ್ನ ಕಡೆ ಇರ್ತದ. ದಿನಾ ಪೂಜಾ ಆದ ಮ್ಯಾಲೆ ನಾ ಒಬ್ಬಾಂವ ಬಂದು ಕೂಡ್ತೀನಿ."

"ಮತ್ತ ನಳ?" ಎಂದಳು ಭುವನೇಶ್ವರಿ.

"ನಳ ದೇವ್ರಿಗೆ ಬೇಕಲ್ಲವ್ವಾ, ಅಭಿಷೇಕಕ್ಕ."

ಹೀಗೆ, ಜೂಜಿನ ಕಾರಣಕ್ಕೆ ಹೋಗಬೇಕಾಗಿದ್ದ ಕೋಣೆ ಭಕ್ತಿಯ ಕಾರಣಕ್ಕೆ ಹೋಯಿತು. ಜನ ಚದುರಿದರು. ಕುಸುಮಬಾಯಿ ಪಪ್ಪಾಯಿಯ ಬುಟ್ಟಿಯನ್ನು ನೈವೇದ್ಯಕ್ಕೆಂದು ಅಲ್ಲೇ ಬಿಟ್ಟಳು. ಭುವನೇಶ್ವರಿ ಬಿಂದಿಗೆಯನ್ನು ಸೊಂಟಕ್ಕೇರಿಸಿ, ಗಂಡನನ್ನು ಒಂದು ನೋಟ ನೋಡಿ, ಹೊರಗೆ ನಡೆದಳು. ಚಪಾತಿ ಮಣೆಯೂ ಅವಳಿಗೆ ಸಿಗಲಿಲ್ಲ.

ಉಮಾಕಾಂತ ಹಾಸಿಗೆ ಸುತ್ತಿ ಬಗಲಿಗಿಟ್ಟುಕೊಂಡು ಹೊಸ್ತಿಲು ದಾಟುತ್ತಿದ್ದ. ಹಿಂದಿನಿಂದ ವಿಶ್ವನಾಥಪ್ಪನವರು ಬಾಗಿಲನ್ನು ಅರ್ಧ ಎಳೆದು, ಓಣಿಯ ಎರಡೂ ಕಡೆ ನೋಡಿ, ಪಿಸುದನಿಯಲ್ಲಿ ಕೇಳಿದರು:

"ಮಾಸ್ತರ, ನಜ್ಜು ಸಿಕ್ತು. ಹೋಲ್ಡಿನ ಗುಂಡಿ ಯಾವುದು?"

ನಜ್ಜು ಎಂದರೆ, ಹಳದಿ ದೀಪ ಮಿಣುಕಿದಾಗ, ನಿಂತ ಗಾಲಿಯನ್ನು ಒಂದು ಚಿತ್ರದಷ್ಟು ನೂಕುವುದು; ಹೋಲ್ಡೆಂದರೆ ಬೇಕಾದ ಗಾಲಿಯನ್ನು ತಿರುಗದಂತೆ ಹಿಡಿದಿಡುವುದು. ಈ ಎರಡು ಮಾತುಗಳನ್ನು ಉಮಾಕಾಂತ ಆ ಓಣಿಯಲ್ಲಿ ಯಾರೆದುರೂ, ಹೆಂಡತಿಯೆದುರು ಕೂಡ, ಎಂದೂ ಆಡಿರಲಿಲ್ಲ.

ಅವನು ಗುಂಡಿ ತೋರಿಸಿದ. "ಉಪಕಾರಾತು," ಎಂದರು ಸಾವಕಾರರು. ಬಾಗಿಲು ಮುಚ್ಚಿತು. ಆ ಓಣಿಯಲ್ಲಿ ಮಶೀನಿನ ಸಲುವಾಗಿ ಯಾರಾದರೂ ಅವನಿಗೆ ಹೇಳಿದ ಮೊದಲ ಥ್ಯಾಂಕ್ಸ್ ಅದು. ಗೋದಾಮಿನಲ್ಲಿ ಹಾಸಿಗೆ ಬಿಚ್ಚುವಾಗಲೂ ಅವನ ಮುಖದಲ್ಲಿ ಅದರ ಬೆಳಕಿತ್ತಂತೆ. ಭುವನೇಶ್ವರಿಗೆ ಸಿಟ್ಟು ಹೆಚ್ಚಾಗಿದ್ದೇ ಅದನ್ನು ಕಂಡು.

ಕಾಳಿನ ವ್ಯಾಪಾರ, ಪೂಜೆ, ಸಂತೆ ಬಿಟ್ಟು ಬೇರೇನನ್ನೂ ಕಾಣದ ವಿಶ್ವನಾಥಪ್ಪನವರು ಆ ಎರಡು ಮಾತುಗಳನ್ನು ಎಲ್ಲಿ ಕಲಿತರು, ಯಾವ ಪ್ರಾಯದಲ್ಲಿ, ಯಾವ ಊರಿನ ಯಾವ ಅಂಗಡಿಯಲ್ಲಿ ಎಂಬುದು ಉಮಾಕಾಂತನಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.