ಗಿರಣಿ ಬಿಡಿಸಲು ಹೋದ ಮೂರು ಯುಗಾದಿ

ಬಿಡುತ್ತೇನೆಂದರೂ ಬಿಡದ ಕರಾರು ಊರಿಗೊಂದಾದರೂ ಇರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ವಕೀಲರೊಬ್ಬರ ಹತ್ತಿರ ಕಾರಕೂನನಾಗಿದ್ದೆ. ನಮ್ಮೂರು ಕಾಖಂಡಕಿಯಿಂದ ಕೋರ್ಟಿಗೆ ಬಂದವರೆಲ್ಲ ಬೇವಿನ ಗಿಡದ ಕೆಳಗೆ ಕೂತವರು. ಒಳಗೆ ಕುರ್ಚಿ ಸಿಕ್ಕಿದ್ದು ನನಗೊಬ್ಬನಿಗೇ. ಅಂಥ ನನ್ನ ಪಾಲಿಗೆ ಬಂದದ್ದು ತಿಕೋಟಾದ ದರ್ಜಿ ಚಾಚಾನ ಕರಾರು.

ಚಾಚಾ ಮನೆಯ ಮುಂದಿನ ಕೋಣೆಯನ್ನು ಹಿಟ್ಟಿನ ಗಿರಣಿಗೆ ಒಂದು ವರ್ಷ ಕೊಟ್ಟಿದ್ದ. ಬಾಡಿಗೆ ಅಂದರೆ ಚಾಚಾನ ಮನೆಯ ಜೋಳ ಪುಕ್ಕಟೆ ಬೀಸಿ ಕೊಡುವುದು, ಅಷ್ಟೇ. ಗಿರಣಿ ಶುರುವಾದರೆ ಗೋಡೆ ನಡುಗುತ್ತಿತ್ತು, ಹೊಲಿಗೆ ಮಷೀನಿನ ಸೂಜಿ ಕುಣಿಯುತ್ತಿತ್ತು. ಮದುಮಗನೊಬ್ಬನ ಅಂಗಿಯ ಕಾಲರು ಭುಜಕ್ಕೆ ಇಳಿದ ಮೇಲೆ ಗಿರಾಕಿಗಳು ಬರುವುದೇ ನಿಂತಿತು. ಗಿರಣಿ ಹೋಗದಿದ್ದರೆ ಚಾಚಾ ಕತ್ತರಿ ಕೆಳಗಿಡಬೇಕು.

೧. ಹೇಳಿದ ನೋಟೀಸು

ಮೊದಲ ಯುಗಾದಿಗೆ ಚಾಚಾ ಐದು ಮಂದಿ ಹಿರಿಯರ ಮುಂದೆಯೇ ಗಿರಣಿಯವರಿಗೆ, “ಇನ್ನ ಬಿಡ್ರಿ,” ಎಂದ. ಗಿರಣಿಯವರು ಕರಾರಿನ ಕಾಗದ ತೆಗೆದು ತೋರಿಸಿದರು: ಯುಗಾದಿಗೆ ತಿಂಗಳು ಮೊದಲೇ ಬರಹದಲ್ಲಿ ತಿಳಿಸದಿದ್ದರೆ ಕರಾರು ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯತಕ್ಕದ್ದು.

“ಸಹಿ ಮಾಡುವಾಗ ಓದಲಿಲ್ಲೇನ ಚಾಚಾ?” ಎಂದೆ.

“ಅವರು ಮಾಡಿದ ಚಹಾ ಆರತಿತ್ತೋ ತಮ್ಮಾ!”

೨. ಉಂಡು ಬಂದ ನೋಟೀಸು

ಎರಡನೇ ವರ್ಷ ನಾನೇ ನೋಟೀಸು ಬರೆದೆ. ಆ ಕಾಲದಲ್ಲಿ ನನ್ನ ಅಕ್ಷರ ನೋಡಿ ಜಡ್ಜರೂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅದನ್ನು ಹಿಡಿದು ಚಾಚಾ ಗಿರಣಿಯವರ ಊರು ಬಬಲೇಶ್ವರಕ್ಕೆ ಬಸ್ಸು ಹತ್ತಿದ. ಸಂಜೆ ಬಂದಾಗ ನೋಟೀಸು ಕಿಸೆಯಲ್ಲೇ ಇತ್ತು.

“ಯಾಕ, ಮನ್ಯಾಗ ಇರಲಿಲ್ಲೇನ?”

“ಇದ್ರೋ. ಕೂತ ಕೂಡಲೇ ಹೋಳಿಗಿ ನೀಡಿದ್ರು. ಉಂಡ ಮನ್ಯಾಗ ಬಿಟ್ಟು ಹೋಗು ಅಂತ ಕಾಗದ ಹೆಂಗ ಕೊಡ್ಲಿ?”

“ಉಣ್ಣೂಕಿಂತ ಮೊದಲ ಕೊಡಬೇಕಿತ್ತ!”

“ಆವಾಗ ಕೊಟ್ಟಿದ್ರ ಹೋಳಿಗಿ ಹೆಂಗ ಕೊಡತಿದ್ರು?”

೩. ಉಪವಾಸದ ನೋಟೀಸು

ಮೂರನೇ ವರ್ಷ ವಕೀಲರು, “ರಿಜಿಸ್ಟರ್ ಅಂಚೆಗೆ ಹಾಕು,” ಎಂದರು. ಕಾಖಂಡಕಿಯ ಗಂಡಸಿಗೆ ಅಂಚೆಯವನ ಆಸರೆ ಯಾಕೆ? ನಾನೇ ಹೋದೆ. ಬಬಲೇಶ್ವರದಲ್ಲಿ ಗಿರಣಿಯವರು ಮಜ್ಜಿಗೆ ತಂದರು, ಒಲ್ಲೆ ಅಂದೆ. ಶೇಂಗಾ ಉಂಡಿ ತಂದರು, ಮುಖ ತಿರುಗಿಸಿದೆ.

“ಉಪವಾಸ ಅದೀನ್ರಿ.”

“ಯಾವ ದೇವರದೋ ತಮ್ಮಾ?”

“ಕಾನೂನಿಂದು. ಸಹಿ ಹಾಕ್ರಿ.”

ಹಾಕಿದರು. ಉಂಡಿಯ ವಾಸನೆ ಮಾತ್ರ ವಿಜಾಪುರದ ತನಕ ನನ್ನ ಜೊತೆ ಬಸ್ಸಿನಲ್ಲಿ ಬಂತು.

೪. ಗೆದ್ದವನ ಊಟ

“ಮುದ್ದತ್ತು ಮುಗಿದ ಮ್ಯಾಲೆ ಬಾಡಿಗಿ ಮುಟ್ಟಬ್ಯಾಡ ಅಂತ ಚಾಚಾಗ ಹೇಳು. ತಗೊಂಡ್ರ ಇನ್ನೊಂದು ವರ್ಷ ಇರು ಅಂದಂಗ ಆಗತೈತಿ,” ಎಂದರು ವಕೀಲರು. ಹೇಳಿದೆ: “ಚಾಚಾ, ಅವರ ಕಡೆಯಿಂದ ಒಂದು ಪೈಸೆ ಮುಟ್ಟಬ್ಯಾಡ.”

“ಪೈಸೆ ಅವರು ಯಾವಾಗ ಕೊಟ್ಟಾರೋ!” ಎಂದ. ಇಬ್ಬರೂ ನಕ್ಕೆವು.

ಯುಗಾದಿಯ ಮರುದಿನ ನನ್ನ ಗೆಲುವಿಗೆ ಚಾಚಾನ ಮನೆಯಲ್ಲಿ ಊಟ. ಗಿರಣಿಯವರು ಇನ್ನೂ ಸಾಮಾನು ಕಟ್ಟಿರಲಿಲ್ಲ. ಚಾಚಿ ಒಲೆಯ ಮುಂದೆ ಕೂತು ಬಡಿಯುತ್ತಿದ್ದ ರೊಟ್ಟಿಯ ಸಪ್ಪಳ ನೆನಪಾದರೆ ಈಗಲೂ ಹಸಿವಾಗುತ್ತದೆ. ಅಂಥ ರೊಟ್ಟಿ ಆಮೇಲೆ ಎಲ್ಲಿಯೂ ಸಿಗಲಿಲ್ಲ. ಬದನೆಕಾಯಿ ಪಲ್ಯದ ಜೊತೆ ಎಂಟು ತಿಂದೆ. ಒಂದೊಂದು ರೊಟ್ಟಿಗೂ ಬಬಲೇಶ್ವರದ ಕಥೆ ಒಂದೊಂದು ಸಲ ಹೇಳಿದೆ.

ಮರುದಿನ ಚಾಚಾ ನಮ್ಮ ವಕೀಲರ ಕಚೇರಿಯಲ್ಲಿ ಕೂತಿದ್ದಾಗ ಗಿರಣಿಯವರೇ ನಗುತ್ತಾ ಬಂದರು. “ವಕೀಲಸಾಹೇಬ್ರ, ನಿನ್ನೆ ಮುಂಜಾನೆ ಚಾಚಿ ಜೋಳ ಕಳಸಿದ್ರು. ಪುಕ್ಕಟೆ ಬೀಸಿ ಕೊಟ್ಟೇನ್ರಿ. ಹೊಸ ವರ್ಷದ ಬಾಡಿಗಿ ಮುಟ್ಟೇತಿ.”

ಚಾಚಾನ ಮುಖ ಹಿಟ್ಟಿನಂತಾಯಿತು. ವಕೀಲರು ಗಾಬರಿಯಾಗಿ, “ತಪ್ಪಿ ತಗೊಂಡಿವಿ ಅಂತ ಆ ಹಿಟ್ಟು ಈಗಿಂದೀಗ ವಾಪಸ್ ಕೊಡ್ರಿ. ಎಲ್ಲೈತಿ?” ಎಂದರು.

ಚಾಚಾ ಮೆಲ್ಲಗೆ ಬೆರಳೆತ್ತಿ ನನ್ನ ಹೊಟ್ಟೆ ತೋರಿಸಿದ.

ಗಿರಣಿ ಇನ್ನೊಂದು ವರ್ಷ ಉಳಿಯಿತು. ಆವತ್ತು ಕಚೇರಿಯಿಂದ ಹೋಗುವಾಗ ಗಿರಣಿಯವರು ನನ್ನ ಬೆನ್ನು ತಟ್ಟಿ ಹೇಳಿದರು:

“ನನ್ನ ಮನ್ಯಾಗ ಹಿಡಿದ ಉಪವಾಸ ನನ್ನ ಗಿರಣಿ ಹಿಟ್ಟಿನಿಂದನ ಬಿಟ್ಟೆಲ್ಲೋ ತಮ್ಮಾ, ಪುಣ್ಯ ಬಂತು!”