ಆರ್ಚಿಗೆ ವಯಸ್ಸಾಗಿದ್ದ ಮೂರು ದಿನ

ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಗಿಟಾರ್ ನುಡಿಸುತ್ತೇನೆ ಎಂದು ನಾನು ಒಪ್ಪಿಕೊಂಡದ್ದು ಸಂಪೂರ್ಣವಾಗಿ ಆರ್ಚಿಯ ಭರವಸೆಯ ಮೇಲೆ. ಆರ್ಚಿಗೆ ಈ ವಿಷಯ ಗೊತ್ತಿಲ್ಲ. ಅವನಿರುವುದು ಲಂಡನ್ನಿನಲ್ಲಿ, ನಾನಿರುವುದು ತುಮಕೂರಿನಲ್ಲಿ.

ಆರ್ಚಿ ಬ್ಲೂಸ್ ಗಿಟಾರಿಸ್ಟ್. ಬ್ಲೂಸ್ ಎಂದರೆ ಎದೆಯ ನೋವನ್ನು ತಂತಿಯ ಮೇಲೆ ಎಳೆದೆಳೆದು ಒಣಗಿಹಾಕುವ ಸಂಗೀತ. ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಸಿಸ್ಟರ್‌ಗಳು ಪ್ರೇಯರಿಗೆ ಹೋದ ಕೂಡಲೇ ನನ್ನ ಗೆಳತಿ ಲಲಿತಾ ಅವನ ರೆಕಾರ್ಡ್ ಹಾಕುತ್ತಿದ್ದಳು. ಅವಳು ಅಳುತ್ತಿದ್ದಳು, ನಾನು ಗಿಟಾರಿನಲ್ಲಿ ಅವನ ಬೆರಳುಗಳನ್ನು ಹಿಂಬಾಲಿಸುತ್ತಿದ್ದೆ. ಆಮೇಲೆ ನನಗೆ ಮದುವೆಯಾಯಿತು. ಆರ್ಚಿ ರೆಕಾರ್ಡ್ ಮಾಡುವುದನ್ನೇ ನಿಲ್ಲಿಸಿಬಿಟ್ಟ. ಇವೆರಡಕ್ಕೂ ಸಂಬಂಧವಿದೆಯೆಂದು ಇನ್ನೂ ಸಾಬೀತಾಗಿಲ್ಲ.

ಈ ವರ್ಷ, ಎಂಬತ್ತು ದಾಟಿದ ಆರ್ಚಿ ಕಮ್‌ಬ್ಯಾಕ್ ಆಲ್ಬಂ ತಂದನೆಂಬ ಸುದ್ದಿ ಓದಿದೆ. ಎಂಬತ್ತರಲ್ಲಿ ಅವನಿಗೆ ಆಗುವುದಾದರೆ ಎಪ್ಪತ್ತೆರಡರ ನನಗೇನು ಧಾಡಿ? ಕೂಟದ ಕಾರ್ಯದರ್ಶಿಯಾದ ಲಲಿತಾಳಿಗೆ ಅವತ್ತೇ ಫೋನ್ ಮಾಡಿ, ನನ್ನದೊಂದು ಐಟಂ ಹಾಕು ಎಂದೆ. ಅಟ್ಟದಿಂದ ಗಿಟಾರ್ ಇಳಿಯಿತು, ಹೊಸ ತಂತಿ ಬಂತು.

ಆಲ್ಬಮ್ಮನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಬ್ಲೂಸನ್ನು ಫೋನಿನಲ್ಲಿ ಕೇಳುವುದು ಡೀಸೆಂಟ್ ಅಲ್ಲ. ಎಲ್‌ಪಿ ರೆಕಾರ್ಡನ್ನೇ ಆರ್ಡರ್ ಮಾಡಿದೆ. ಕುಣಿಗಲ್ಲಿನ ತಂಗಿಯ ಮನೆಗೆ ಹೋಗಿ, ಅವಳ ಹಳೆಯ ರೆಕಾರ್ಡ್ ಪ್ಲೇಯರನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ತಂದೆ. ಭಾನುವಾರ ನಮ್ಮ ಮನೆಯಲ್ಲಿ ಲಿಸನಿಂಗ್ ಸೆಷನ್ ಎಂದು ಪಕ್ಕದ ಮನೆಯ ಗಿರಿಜಕ್ಕನನ್ನೂ, ನಮ್ಮವರ ಸ್ನೇಹಿತ ಗುಬ್ಬಿಯ ರುದ್ರಣ್ಣನನ್ನೂ ಮುಂಚೆಯೇ ಕರೆದುಬಿಟ್ಟೆ.

ಶುಕ್ರವಾರ ಪಾರ್ಸೆಲ್ ಬಂತು. ಹಿರೇಹಳ್ಳಿಯ ಫ್ಯಾಕ್ಟರಿಯಿಂದ ರಿಟೈರಾಗಿ ಆರಾಮಕುರ್ಚಿಯಲ್ಲಿ ಡ್ಯೂಟಿ ಮಾಡುತ್ತಿರುವ ನಮ್ಮವರು ಅದನ್ನು ತಿರುಗಿಸಿ ನೋಡಿ, "ತಟ್ಟೆ ಇಡ್ಲಿನೂ ಕೊರಿಯರ್‌ನಲ್ಲಿ ತರಿಸ್ಕೊಂಡ್ಯಾ?" ಎಂದರು. ನಾನು ರೆಕಾರ್ಡ್ ಹಾಕಿ, ಮುಳ್ಳು ಇಳಿಸಿದೆ.

ಅಯ್ಯೋ ಆರ್ಚಿ!

ಗಿಟಾರ್ ಒಂದೊಂದು ಸ್ವರಕ್ಕೂ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿತ್ತು. ಸ್ವರ ಮೇಲೆ ತಲುಪುತ್ತದೋ ಇಲ್ಲವೋ ಎಂದು ನಾನೇ ಉಸಿರು ಬಿಗಿಹಿಡಿದು ಕೂತೆ. ದನಿಯಂತೂ ಪಾತಾಳದಲ್ಲಿ ಯಾರೋ ಪೀಪಾಯಿ ಉರುಳಿಸಿದ ಹಾಗಿತ್ತು. ಒಂದು ಸಾಲು ಹಾಡಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು.

"ಪಾಪ, ಗಂಟಲು ಕಟ್ಟೈತೆ ಕಣೇ. ಮೆಣಸಿನ ಕಷಾಯ ಕುಡೀಬೇಕಿತ್ತು" ಎಂದರು ನಮ್ಮವರು.

ನಾನು ಅತ್ತುಬಿಟ್ಟೆ. ಕಾಲ ಯಾರನ್ನೂ ಬಿಡುವುದಿಲ್ಲ. ಆರ್ಚಿಯಂಥ ಆರ್ಚಿಗೇ ಹೀಗಾದರೆ, ನಾನು ಸ್ಟೇಜ್ ಹತ್ತಿ ಮರ್ಯಾದೆ ಕಳೆದುಕೊಳ್ಳುವುದೇ? ತಕ್ಷಣ ಲಲಿತಾಳಿಗೆ ಫೋನ್ ಮಾಡಿ, ವಿತ್ ಡಿಗ್ನಿಟಿ ಹಿಂದೆ ಸರಿಯುತ್ತಿದ್ದೇನೆ ಎಂದೆ. ಹಾಗಾದರೆ ಆ ಟೈಮಿಗೆ ಕ್ವಿಜ್ ಹಾಕುತ್ತೇನೆ ಎಂದಳು. ಸ್ವಲ್ಪವಾದರೂ ಬಲವಂತ ಮಾಡಬಹುದಿತ್ತು.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಇಂಟರ್ನೆಟ್ಟಿನಲ್ಲಿ ಆರ್ಚಿಯ ಪೇಜ್ ಹುಡುಕಿ, ಅವನ ಆಲ್ಬಂ ಫೋಟೋದ ಕೆಳಗೆ, ಇಡೀ ಜಗತ್ತು ಓದುವಂತೆ, ಶುದ್ಧ ಇಂಗ್ಲಿಷಿನಲ್ಲಿ ಸಾಂತ್ವನ ಬರೆದೆ. ಪ್ರಿಯ ಆರ್ಚಿ, ವಿಶ್ರಾಂತಿ ಪಡೆಯುವುದರಲ್ಲಿ ಅವಮಾನವಿಲ್ಲ, ನಿನ್ನ ಕೈ ನಡುಗಿದರೂ ನಮ್ಮ ಪ್ರೀತಿ ನಡುಗುವುದಿಲ್ಲ, ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಗಾರ್ಗಲ್ ಮಾಡು. ಒಂದೂ ಸ್ಪೆಲಿಂಗ್ ಮಿಸ್ಟೇಕ್ ಇರಲಿಲ್ಲ.

ಭಾನುವಾರ ಬಂತು. ಕರೆದವರನ್ನು ಬೇಡ ಎನ್ನಲಾಗದೆ, ಸೆಷನ್ನನ್ನು ಶ್ರದ್ಧಾಂಜಲಿಯಂತೆ ನಡೆಸಲು ನಿರ್ಧರಿಸಿದೆ. ಆರ್ಚಿ ಬದುಕಿದ್ದಾನೆ ಎಂಬುದೊಂದು ಸಣ್ಣ ತೊಡಕು. ರೆಕಾರ್ಡ್ ತಿರುಗತೊಡಗಿತು. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಅಳಿಯ ಇದ್ದಾನೆಂದು ಎಲ್ಲ ವಿಷಯವನ್ನೂ ಅಲ್ಲಿಗೇ ಒಯ್ಯುವ ರುದ್ರಣ್ಣ ಸ್ವಲ್ಪ ಹೊತ್ತು ಕಿವಿಗೊಟ್ಟು, "ಅಕ್ಕಾರೇ, ಇದು ಇನ್ನೂ ಮೇಲಕ್ಕೆ ಏಳಂಗೆ ಕಾಣ್ತಿಲ್ವಲ್ಲ" ಎಂದ.

ನಾನು ಎದ್ದು ನಿಂತು ಮಾತು ಆರಂಭಿಸಿದೆ. ಕಲಾವಿದನ ಮುಪ್ಪು ಸೂರ್ಯಾಸ್ತದಂತೆ ಎಂದೆ. ನಿಧಾನವೇ ಅದರ ಸೌಂದರ್ಯ ಎಂದೆ. ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದೇ ಕೈಯಲ್ಲಿ ಕೇಸರಿಬಾತಿನ ತಟ್ಟೆಯನ್ನು ಪ್ಲೇಯರಿನ ಪಕ್ಕ ಜರುಗಿಸಿದರು. ತಟ್ಟೆ ಅದರ ಒಂದು ಪುಟ್ಟ ಗುಂಡಿಗೆ ತಗುಲಿತು. ಟಕ್!

ಸೂರ್ಯ ವಾಪಸ್ ಬಂದ!

ಆರ್ಚಿ ಸಾಲಿನ ನಡುವೆಯೇ ಚಂಗನೆ ಎದ್ದು ನಿಂತ. ಗಿಟಾರ್ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರತೊಡಗಿತು. ದನಿ ಸ್ವಲ್ಪ ಒರಟಾದರೂ ಕಂಚಿನಂತೆ ಮೊಳಗಿತು. ರುದ್ರಣ್ಣನ ಪಾದ ತಾನಾಗಿ ತಾಳ ಹಾಕಿತು. ಮುಪ್ಪಿನ ಬಗ್ಗೆ ಅರ್ಧ ವಾಕ್ಯ ಬಾಯಲ್ಲಿಟ್ಟುಕೊಂಡು ನಾನು ಹಾಗೇ ನಿಂತಿದ್ದೆ.

ನಮ್ಮವರು ಮೆಲ್ಲನೆ ಎದ್ದು, ಮುಳ್ಳು ಎತ್ತಿ, ರೆಕಾರ್ಡಿನ ನಡುವಿನ ಲೇಬಲ್ಲಿಗೆ ಕನ್ನಡಕ ಹಿಡಿದರು. "ನಿಮಿಷಕ್ಕೆ ನಲವತ್ತೈದು ಸುತ್ತು ಅಂತ ಬರ್ದವ್ರೆ ಕಣೇ. ನೀನು ಮೂವತ್ಮೂರರಲ್ಲಿ ಓಡಿಸ್ತಿದ್ದೆ." ಕನ್ನಡಕ ತೆಗೆಯುತ್ತ ಸೇರಿಸಿದರು, "ಇಂಗ್ಲಿಷ್ನಲ್ಲೇ ಬರ್ದವ್ರೆ."

ದೊಡ್ಡ ರೆಕಾರ್ಡೆಂದರೆ ಮೂವತ್ತಮೂರು ಎಂದು ನಾನು ನಂಬಿದ್ದೆ. ನಮ್ಮ ಕಾಲದಲ್ಲಿ ಹಾಗೇ ಇತ್ತು. ಸ್ಪೀಡಿನ ಗುಂಡಿ ಇನ್ನೊಂದು ಮನೆ ಮುಂದೆ ಹೋಗಿ ಎಪ್ಪತ್ತೆಂಟಕ್ಕೆ ನಿಂತಿದ್ದರೆ ಆರ್ಚಿಯನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಬೇಕಾಗುತ್ತಿತ್ತು!

ಅತಿಥಿಗಳು ಇಡೀ ಆಲ್ಬಮ್ಮನ್ನು ಮೊದಲಿನಿಂದ ಕೇಳಿ, ಕೇಸರಿಬಾತ್ ಖಾಲಿ ಮಾಡಿ ಹೊರಟರು. ನಾನು ಮೊದಲು ಆರ್ಚಿಯ ಪೇಜಿಗೆ ಓಡಿದೆ. ನನ್ನ ಸಾಂತ್ವನದ ಕೆಳಗೆ ನಗುವ ಮುಖಗಳು ಸಾಲುಗಟ್ಟಿದ್ದವು. ಮೇಡಂ, ತಾವು ಯಾವ ಆಲ್ಬಂ ಕೇಳಿದಿರಿ ಎಂದು ಯಾರೋ ವಿನಯದಿಂದ ವಿಚಾರಿಸಿದ್ದರು. ಅಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ, ನಮ್ಮವರಿಗೂ ಗೊತ್ತಿಲ್ಲ. ಅದು ಇನ್ನೂ ಅಲ್ಲೇ ಇದೆ.

ಆಮೇಲೆ ಲಲಿತಾಳಿಗೆ ಫೋನ್ ಮಾಡಿದೆ. "ಲಲ್ಲೀ, ನಾನು ಕಮ್‌ಬ್ಯಾಕ್ ಮಾಡ್ತಾ ಇದೀನಿ."

"ನೀನು ಹೋಗಿದ್ದೇ ಮೊನ್ನೆ ಶುಕ್ರವಾರ ಅಲ್ವೇನೇ?" ಎಂದಳು. ಕ್ವಿಜ್ ತೆಗೆದು ನನ್ನ ಹೆಸರನ್ನು ಮತ್ತೆ ಹಾಕಿದಳು. ಇನ್ನೊಮ್ಮೆ ಬದಲಿಸುವ ಹಾಗಿಲ್ಲ ಎಂದೂ ಎಚ್ಚರಿಸಿದಳು. ನಾನು ನಕ್ಕೆ. ಇನ್ನು ಬದಲಿಸುವ ಪ್ರಶ್ನೆಯೇ ಇಲ್ಲ!

ಸೋಮವಾರ ಬೆಳಿಗ್ಗೆ ಗಿಟಾರ್ ಹಿಡಿದು ಆರ್ಚಿಯ ಜೊತೆ ಅಭ್ಯಾಸಕ್ಕೆ ಕೂತೆ. ನಲವತ್ತೈದರಲ್ಲಿ. ನಾನು ಮೊದಲನೆಯ ಸ್ವರದ ಜಾಗ ಹುಡುಕಿ ಅದರ ಮೇಲೆ ಬೆರಳು ಕೂರಿಸುವಷ್ಟರಲ್ಲಿ ಅವನು ಎರಡು ಸಲ ಪ್ರೀತಿಸಿ, ಎರಡು ಸಲ ಮೋಸಹೋಗಿ, ಮೂರನೆಯವಳ ಊರಿಗೆ ರೈಲು ಹತ್ತಿದ್ದ. ಮತ್ತೆ ಮುಳ್ಳಿಟ್ಟೆ. ಮತ್ತೆ ರೈಲು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಬೆರಳು ಊದಿತ್ತು, ನಾನಿನ್ನೂ ಪ್ಲಾಟ್‌ಫಾರ್ಮಿನಲ್ಲೇ ಇದ್ದೆ.

ನಮ್ಮವರು ಊಟ ಮಾಡಿ ಗೊರಕೆ ಹೊಡೆಯುವವರೆಗೆ ಕಾದೆ. ಎದ್ದು ಹೋಗಿ ಬಾಗಿಲು ಹಾಕಿದೆ. ಆರ್ಚಿಯ ಪಾತಾಳದ ಸ್ವರಕ್ಕೆ ಹೊಂದುವಂತೆ ಗಿಟಾರಿನ ತಂತಿಗಳನ್ನು ಸಾಕಷ್ಟು ಸಡಿಲಿಸಿದೆ. ಗುಂಡಿಯನ್ನು ಸದ್ದಾಗದಂತೆ ಮೂವತ್ತಮೂರಕ್ಕೆ ಎಳೆದೆ.

ಅಲ್ಲಿಂದ ಮುಂದೆ ನಾವಿಬ್ಬರೂ ಎಷ್ಟು ಚೆನ್ನಾಗಿ ನುಡಿಸುತ್ತಿದ್ದೇವೆಂದರೆ, ಕೇಳಿದವರು ಅವಳಿ ಜವಳಿ ಎನ್ನಬೇಕು! ಆರ್ಚಿಯನ್ನು ಮತ್ತೆ ಮುದುಕನನ್ನಾಗಿ ಮಾಡಿದ್ದಕ್ಕೆ ಅವನು ನನ್ನನ್ನು ಕ್ಷಮಿಸಬೇಕು. ನನ್ನ ವಯಸ್ಸನ್ನು ಇಳಿಸುವ ಗುಂಡಿ ಆ ಮೆಷಿನ್ನಿನಲ್ಲಿ ಎಲ್ಲೂ ಇರಲಿಲ್ಲ.