ಕರಿ ಪರದೆಯ ಲ್ಯಾಬು

ಸತ್ತಂತೆ ಬಿದ್ದ ಯಂತ್ರವನ್ನು ಎಬ್ಬಿಸಲು ಹೋದವರ ಮರ್ಯಾದೆ ಉಳಿದದ್ದನ್ನು ನಾನು ಕಂಡಿಲ್ಲ. ನಾನಂತೂ ದಿನಾ ಬೀದರದಿಂದ ಭಾಲ್ಕಿಗೆ ಬಸ್ಸು ಹಿಡಿದು, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅದನ್ನೇ ಮಾಡುವವಳು. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ. ಈ ವರ್ಷದವನ್ನಷ್ಟೇ ಹೇಳುತ್ತೇನೆ.

ಪ್ರಿನ್ಸಿಪಾಲರ ಲೆಕ್ಕ

ನಮ್ಮ ಲ್ಯಾಬಿನ ಕಂಪ್ಯೂಟರುಗಳಿಗೆ ವಯಸ್ಸಾಗಿದೆ. ಗುಂಡಿ ಒತ್ತಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಪ್ರಿನ್ಸಿಪಾಲರು ಕರೆದು ಹೇಳಿದರು, "ಮೇಡಂ, ತಪಾಸಣಿ ಕಮಿಟಿ ಬರ್ಲತ್ತದ. ಮಷಿನ್ ಚಾಲೂ ಇದ್ರ ಲ್ಯಾಬ್ ಉಳೀತದ. ಇಲ್ಲಂದ್ರ ಲ್ಯಾಬ್ ಬಂದ್, ಮುಂದಿನ ವರ್ಷ ಕಂಪ್ಯೂಟರ್ ವಿಷಯನೂ ಬಂದ್."

"ಹೊಸಾವು ಕೊಡಿಸ್ರಿ ಸರ್."

"ಹೊಸಾವು ಸಿಗಬೇಕಂದ್ರ ಲ್ಯಾಬ್ ಛಲೋ ನಡೀಲತ್ತದಂತ ಕಮಿಟಿ ಬರೀಬೇಕ್ರಿ."

"ಛಲೋ ನಡದ್ರ ಹೊಸಾವು ಯಾಕ ಬೇಕ್ರಿ?"

"ಅದೇ ಮಾತು ಅವರೂ ಕೇಳ್ತಾರ," ಅಂದು ಪ್ರಿನ್ಸಿಪಾಲರು ಫೈಲು ಮುಚ್ಚಿದರು.

ಮೇನ್ ಸ್ವಿಚ್

ಹುಡುಕಿ ಹುಡುಕಿ, ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ಒಂದು ವ್ಯವಸ್ಥೆ ಆರಿಸಿದೆ. ಪುಕ್ಕಟೆ ಸಿಗುತ್ತದೆ, ಮುದಿ ಯಂತ್ರಕ್ಕೂ ಹಗುರ. ಆದರೆ ಅದು ಕಟ್ಟಿ ಮುಗಿಸಿದ ಮನೆಯಲ್ಲ, ಬರೀ ಬುನಾದಿ. ಗೋಡೆ, ಬಾಗಿಲು, ಕಿಟಕಿ ಎಲ್ಲವನ್ನೂ ನಾವೇ ಟೈಪ್ ಮಾಡಿ ಒಂದೊಂದಾಗಿ ಕೇಳಿ ತರಿಸಿಕೊಳ್ಳಬೇಕು. ಕೇಳಿದ್ದನ್ನಷ್ಟೇ ಕೊಡುತ್ತದೆ. ಬಣ್ಣದ ಚಿತ್ರಗಳನ್ನು ಕೇಳಿದರೆ ನಮ್ಮ ಯಂತ್ರಗಳು ಮತ್ತೆ ಕುಂಟುತ್ತಿದ್ದವು. ಅದಕ್ಕೇ ಕೇಳಲಿಲ್ಲ. ಕರಿ ಪರದೆ, ಬಿಳಿ ಅಕ್ಷರ, ಅಷ್ಟೇ.

ಮೊದಲನೆಯ ಯಂತ್ರಕ್ಕೆ ಅದನ್ನು ಹಾಕಲು ಬಿಟ್ಟು ಪಾಠಕ್ಕೆ ಹೋದೆ. ತಿರುಗಿ ಬಂದರೆ ಇಡೀ ಲ್ಯಾಬು ಕತ್ತಲು. ಬಾಗಿಲಲ್ಲಿ, ಕಾಲೇಜಿನ ಗಂಟೆ ಬಾರಿಸುವ ನಮ್ಮ ಸಿಪಾಯಿ ಬೆವರು ಒರೆಸುತ್ತ ಕುಂತಿದ್ದ.

"ಏನಾತೋ?"

"ಅಕ್ಷರ ಹುಚ್ಚು ಹಿಡದಂಗ ಓಡ್ಲತ್ತಿದ್ವು ಮೇಡಂ. ನಿಲ್ಲವಲ್ಲವು. ಮೇನ್ ಸ್ವಿಚ್ಚೇ ಬಂದ್ ಮಾಡಿದೆ."

ಅರ್ಧ ಕಟ್ಟಿದ್ದು ಕುಸಿದಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕುಂತೆ. ಅವನು ನೀರು ತಂದುಕೊಟ್ಟು ಸಮಾಧಾನ ಹೇಳಿದ, "ಹೆದರಬ್ಯಾಡ್ರಿ ಮೇಡಂ. ನೀವಿಲ್ಲದಾಗ ಆಗ್ಯದ, ನಿಮ್ಮ ಹೆಸರು ಬರಂಗಿಲ್ಲ."

ಅವ್ವನ ಅನುಭವ

ಐತವಾರ ಚರ್ಚಿನಿಂದ ಬಂದು ಮತ್ತೆ ಆ ಲಿನಕ್ಸಿನ ಕೈಪಿಡಿ ಓದುತ್ತ ಕುಂತಿದ್ದೆ. ಮಿಷನ್ ದವಾಖಾನೆಯಲ್ಲಿ ನರ್ಸಾಗಿ ರಿಟೈರಾದ ನನ್ನ ಅವ್ವ, ಔರಾದ ಕಡೆಯ ಚಿಂತಾಕಿಯವಳು, ಬೆಳ್ಳುಳ್ಳಿ ಸುಲಿಯುತ್ತ ಕೇಳಿದಳು, "ಏನವ್ವಾ ಅದು, ಬೈಬಲ್‌ಕಿಂತ ದಪ್ಪ ಅದ?"

"ಒಂದು ವ್ಯವಸ್ಥಾ ಅವ್ವ. ಕೇಳಿದ್ದಷ್ಟೇ ಕೊಡ್ತದ. ಕೇಳ್ಲಿಲ್ಲಂದ್ರ ತಾನಾಗಿ ಏನೂ ಮಾಡಂಗಿಲ್ಲ. ತಪ್ಪಾದ್ರ ಸುಮ್ಮ ಕೂಡ್ತದ, ಏನು ತಪ್ಪಂತ ನಾವೇ ಹುಡುಕಬೇಕು."

ಅವ್ವ ಆ ಕಡೆ ಪೇಪರಿನ ಹಿಂದೆ ಕುಂತಿದ್ದ ಅಪ್ಪನನ್ನು ಒಂದು ಸಲ ನೋಡಿದಳು.

"ಇದಕ್ಕ ಪುಸ್ತಕ ಬ್ಯಾರೆ ಬಂದದೇನು? ನನಗ ಯಾರೂ ಕೊಡ್ಲಿಲ್ಲ."

ಪೇಪರಿನ ಹಿಂದಿನಿಂದ ಅಪ್ಪ "ಹೂಂ" ಅಂದರು. ಏನು ಕೇಳಿದರೂ ಅವರದು ಅಷ್ಟೇ.

ಹಲಬರ್ಗಾದ ತಂದೆ

ಅಂತೂ ಎಲ್ಲ ಯಂತ್ರಗಳೂ ಎದ್ದವು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಯಾರು. ಹಲಬರ್ಗಾದಿಂದ ಬರುವ ಒಬ್ಬ ಹುಡುಗಿಗೆ ಇದು ಹಿಡಿಸಿಬಿಟ್ಟಿತು. ಆದೇಶಗಳನ್ನು ನನಗಿಂತ ಬೇಗ ಕಲಿತಳು. ಲ್ಯಾಬು ಬಂದಾದರೆ ಈ ವಿಷಯ ಓದಲು ಅವಳು ಬೀದರಕ್ಕೇ ಹೋಗಬೇಕು. ಅಷ್ಟು ದೂರ ಮನೆಯವರು ಕಳಿಸುವುದಿಲ್ಲ. "ಉಳೀತದಲ್ರೀ ಮೇಡಂ?" ಎಂದು ದಿನಾ ಕೇಳುತ್ತಿದ್ದಳು. "ಉಳೀತದವ್ವಾ," ಅನ್ನುತ್ತಿದ್ದೆ. ಅವಳ ಮುಖ ನೋಡಿ ಹೇಳಲು ಮಾತ್ರ ಆಗುತ್ತಿರಲಿಲ್ಲ.

ಮಗಳು ಏನು ಕಲಿಯುತ್ತಾಳೆ ನೋಡೋಣ ಅಂತ ಒಂದು ದಿನ ಅವಳ ತಂದೆ ಬಂದರು. ಸಾಲಾಗಿ ಕರಿ ಪರದೆಗಳು. "ಕರೆಂಟಿಲ್ಲೇನ್ರಿ?" ಅಂದರು.

"ಅದ ರೀ. ಎಲ್ಲಾ ಚಾಲೂ ಅವ."

ಮಗಳು ಉಮೇದಿನಿಂದ ಟೈಪ್ ಮಾಡಿ ತೋರಿಸಿದಳು, ನಾನು ಪಕ್ಕದಲ್ಲಿ ನಿಂತು ವಿವರಿಸಿದೆ. ಅವರು ಪೂರಾ ಕೇಳಿದರು. ಹೋಗುವಾಗ ಬಾಗಿಲ ಬಳಿ ಮಗಳಿಗೆ ಮೆಲ್ಲಗೆ ಅಂದದ್ದು ನನ್ನ ಕಿವಿಗೂ ಬಿತ್ತು, "ಮೇಡಂ ಪಾಪ ಛಲೋ ಅದಾರ. ಮನಿಯಾಗ ಏನರ ತ್ರಾಸ ಅದೇನು ಕೇಳು."

ತಪಾಸಣೆ

ಕಮಿಟಿ ಬಂತು. ಅದರ ಹಿರಿಯರು ಬಾಗಿಲಲ್ಲೇ ನಿಂತು, "ಒಂದೂ ಚಾಲೂ ಮಾಡಿಲ್ಲಲ್ರಿ ಮೇಡಂ?" ಅಂದರು.

"ಎಲ್ಲಾ ಚಾಲೂ ಅವ ಸರ್. ನಾವು ಹೇಳೋದಕ್ಕ ಕಾಯ್ಲತ್ತಾವ."

"ನಾವೂ ಕಾಯ್ಲತ್ತೀವ್ರಿ."

ಹಲಬರ್ಗಾದ ಹುಡುಗಿ ಮುಂದೆ ಬಂದು, ತಾನೇ ಬರೆದ ಪ್ರೋಗ್ರಾಂ ಓಡಿಸಿದಳು. ಅವರು ಕೊಟ್ಟ ಲೆಕ್ಕಕ್ಕೆ ಉತ್ತರ ಬಂತು. ಅವರು ಮೊಬೈಲಿನಲ್ಲಿ ಅದನ್ನೇ ಮಾಡಿ ತಾಳೆ ನೋಡಿ, "ಉತ್ತರ ಬರೋಬ್ಬರಿ ಅದ," ಅಂದರು. ಹುಡುಗಿ ನನ್ನ ಕಡೆ ನೋಡಿ ನಕ್ಕಳು. "ಆದ್ರ ಮಷಿನ್ ಚಾಲೂ ಆಗಿಲ್ಲಲ್ಲ," ಅಂದು ಅವರು ಹೊರಟೇಬಿಟ್ಟರು.

ವರದಿ ಬರೆಯಲು ಕಮಿಟಿಯ ಹಿರಿಯರು ಪ್ರಿನ್ಸಿಪಾಲರ ಕೋಣೆಯಲ್ಲಿ ತಮ್ಮ ಹೊಸ ಲ್ಯಾಪ್‌ಟಾಪ್ ತೆರೆದರು. ಅಪ್‌ಡೇಟ್ ನಡೆದಿದೆ, ಬಂದ್ ಮಾಡಬೇಡಿ ಅಂತ ಬಂತು. ಚಕ್ರ ತಿರುಗಿತು. ಚಹಾ ಆಯಿತು. ಚುರುಮುರಿ ಸೂಸ್ಲಾ ಆಯಿತು. ಚಕ್ರ ತಿರುಗುತ್ತಲೇ ಇತ್ತು. ಅವರಿಗೆ ಔರಾದ ಬಸ್ಸು ತಪ್ಪುತ್ತಿತ್ತು.

"ಎಲ್ಲ್ಯರ ಟೈಪ್ ಮಾಡ್ಲಿಕ್ಕ ಬರ್ತದೇನ್ರಿ?" ಅಂದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು.

ಲ್ಯಾಬಿಗೆ ಕರೆತಂದು ಕೂರಿಸಿದೆ. ಒಂದು ಯಂತ್ರವನ್ನು ಬರೆಯುವ ಕಿಟಕಿ ಕೇಳಿದೆ, ಕನ್ನಡ ಅಕ್ಷರ ಕೇಳಿದೆ. ಕೊಟ್ಟಿತು. ಅವರು ಬಾಗಿಲಾಚೆ ಬಸ್ಸಿನ ದಾರಿ ನೋಡುತ್ತಲೇ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ: "ಲ್ಯಾಬಿನ ಯಾವ ಕಂಪ್ಯೂಟರೂ ಕಾರ್ಯನಿರ್ವಹಿಸುತ್ತಿಲ್ಲ. ಲ್ಯಾಬನ್ನು ಮುಚ್ಚಬಹುದು." ಹುಡುಗಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ.

ಲ್ಯಾಬಿನ ಮೂಲೆಯ ಪ್ರಿಂಟರಿನಿಂದ ಪ್ರಿಂಟು ಹೊರಬಂತು. ಅವರು ಹಾಳೆ ಎತ್ತಿ ಹಿಡಿದು, "ಎಷ್ಟು ಚಂದ ಬಂದದ. ಯಾವ ಮಷಿನ್ ಮ್ಯಾಲ ಮಾಡಿದ್ರಿ?" ಅಂದರು.

"ಇದೇ ಲ್ಯಾಬಿಂದ್ರೀ ಸರ್. ನಿಮ್ಮ ಮುಂದಿಂದೇ."

ಅವರು ಹಾಳೆ ನೋಡಿದರು, ಯಂತ್ರ ನೋಡಿದರು, ನನ್ನನ್ನೂ ನೋಡಿದರು. ಅವರ ಮುಖ ಸಣ್ಣದಾಯಿತು.

"ಹಂಗಾದ್ರ ತಪ್ಪಾಗ್ಯದ ಮೇಡಂ. ಖರೇ ಇದ್ದದ್ದು ಬರೀಬೇಕು. ಕೆಳಗ ಇನ್ನೊಂದು ಸಾಲು ಹಾಕ್ರಿ."

ಹುಡುಗಿ ಪರದೆಯ ಕಡೆ ಬಗ್ಗಿದಳು. ನಾನು ಕೀಲಿಗಳ ಮೇಲೆ ಬೆರಳಿಟ್ಟೆ.

"ಬರೀರಿ," ಅಂದರು. "ಪ್ರಿಂಟರ್ ಸುಸ್ಥಿತಿಯಲ್ಲಿದೆ."